ನೃಪತುಂಗ

ಸಹ್ಯಾದ್ರಿಯ ಮಗ್ಗುಲಲ್ಲಿರುವ ಕಣಕುಂಬಿಯಲ್ಲಿ ಹುಟ್ಟಿ ಮೂಡಣ ದಿಕ್ಕಿಗೆ ಹರಿಯುವ ಮಲಪ್ರಭಾ ನದಿಯು ಕಿತ್ತೂರು ಸೀಮೆಯ ಅಂಚನ್ನು ಸವರಿಕೊಂಡು, ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಎರೆಯ ನೆಲವನ್ನು ಹಾಯ್ದು, ಪಟ್ಟದಕಲ್ಲು ಐಹೊಳೆಗಳ ದೇಗುಲಗಳ ಬದಿಯಲ್ಲಿ ಸಾಗಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಈ ಹೊಳೆಯ ದಂಡೆಯ ಮೇಲೆ, ಬೈಲಹೊಂಗಲ ತಾಲ್ಲೂಕಿನಲ್ಲಿ, ಒಕ್ಕುಂದ ಎಂಬ ಹಳ್ಳಿಯಿದೆ. ಅಲ್ಲಿಯ ಹಳೆಯ ಗುಡಿಯನ್ನು ನೋಡಲು ಬರುವವರನ್ನು ಬಿಟ್ಟರೆ ಹೊರಗಿನವರು ಅಲ್ಲಿಗೆ ಹೋಗುವುದು ಕಡಿಮೆ. ಆದರೆ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಯಾರೇ ಆಗಲಿ, ಮೊದಲನೆಯ ಅಧ್ಯಾಯದಲ್ಲಿಯೇ ಈ ಹಳ್ಳಿಯ ಹೆಸರನ್ನು ಹೇಳದೆ ಮುಂದುವರಿಯುವಂತಿಲ್ಲ.

ಅದಕ್ಕೆ ಕಾರಣ ಕವಿರಾಜಮಾರ್ಗ. ಒಂಬತ್ತನೆಯ ಶತಮಾನದ ನಡುಗಾಲದಲ್ಲಿ ರಚಿತವಾದ ಈ ಗ್ರಂಥವು ಇಂದು ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲೆಲ್ಲ ಮೊದಲನೆಯದು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಹಬ್ಬಿದೆಯೆಂದು ಅದು ಎಲ್ಲೆಯನ್ನು ಗುರುತಿಸುತ್ತದೆ. ಅಷ್ಟು ವಿಶಾಲವಾದ ನಾಡಿನೊಳಗೆ ಕನ್ನಡದ ತಿರುಳು ಇರುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಓಂಕುಂದ ಎಂಬ ನಾಲ್ಕು ಊರುಗಳ ನಡುವಣ ನೆಲದಲ್ಲಿ ಎಂದು ತಿಳಿಸುತ್ತದೆ. ಕಿಸುವೊಳಲು ಎಂದರೆ ಪಟ್ಟದಕಲ್ಲು, ಕೊಪಣವೆಂದರೆ ಕೊಪ್ಪಳ, ಪುಲಿಗೆರೆಯೆಂದರೆ ಲಕ್ಷ್ಮೇಶ್ವರ. ನಾಲ್ಕನೆಯದಾದ ಓಂಕುಂದವೇ ನಮ್ಮ ಒಕ್ಕುಂದ. ಈ ನಾಲ್ಕು ಊರುಗಳನ್ನು ಗೆರೆಯೆಳೆದು ಕೂಡಿಸಿದರೆ ಉಂಟಾಗುವ ಚತುಷ್ಕೋನದ ಬಡಗಣ ಅಂಚಿನಲ್ಲಿಯೇ ಸವದತ್ತಿಯೂ ರಾಮದುರ್ಗವೂ ಇವೆ. ಕಿತ್ತೂರು ಅದರ ಪಡುವಣ ನೆರೆ.

ಆ ಕಾಲದ ರಾಜಧಾನಿ ಇಲ್ಲಿರಲಿಲ್ಲ ಎಂಬುದನ್ನು ಗಮನಿಸಬೇಕು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಎಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ, ಬಹು ದೂರದಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿತ್ತು. ಅರಮನೆಯ ಆಶ್ರಯದಲ್ಲಿ ಹುಟ್ಟಿದ ಗ್ರಂಥಗಳು ಅರಮನೆಯ ಭಾಷೆಯನ್ನೇ ಶ್ರೇಷ್ಠವೆಂದು ಹೊಗಳುವುದು ಲೋಕದ ರೂಢಿ. ಈ ಗ್ರಂಥ ಹಾಗೆ ಮಾಡಲಿಲ್ಲ. ತನ್ನ ಹೆಸರನ್ನು ಹೊತ್ತ ಗ್ರಂಥದಲ್ಲಿ, ತನ್ನ ರಾಜಧಾನಿಯನ್ನು ಬಿಟ್ಟು ಮಲಪ್ರಭೆಯ ದಂಡೆಯ ಒಂದು ಊರನ್ನು ಒಳ್ಳೆಯ ಕನ್ನಡದ ನೆಲೆಯೆಂದು ಎಣಿಸಲು ಒಪ್ಪಿದ ಆ ಅರಸನು ಯಾರು? ಆತನೇ ಅಮೋಘವರ್ಷ ನೃಪತುಂಗ.

ನೃಪತುಂಗನು ಹುಟ್ಟಿದ್ದು ಅರಮನೆಯಲ್ಲಿ ಅಲ್ಲ, ದಂಡಿನ ಪಾಳೆಯದಲ್ಲಿ. ಆತನ ತಂದೆ ಮೂರನೆಯ ಗೋವಿಂದನು ರಾಷ್ಟ್ರಕೂಟರಲ್ಲಿಯೇ ಮಹಾ ಪರಾಕ್ರಮಿ. ಕುದುರೆಗಳನ್ನು ಹಿಮಾಲಯದ ಹೊಳೆಗಳವರೆಗೆ ಓಡಿಸಿದವನೆಂದು ಹೆಸರಾದವನು. ಉತ್ತರದ ದಂಡಯಾತ್ರೆಯಿಂದ ಹಿಂದಿರುಗುವಾಗ ಆತನು ವಿಂಧ್ಯದ ತಪ್ಪಲಿನ ಶ್ರೀಭವನ ಎಂಬಲ್ಲಿ ಮಳೆಗಾಲವನ್ನು ಕಳೆದನು. ಅಲ್ಲಿಯೇ, ಸುಮಾರು 800ರಲ್ಲಿ, ಈ ಮಗನು ಜನಿಸಿದನು. ಹುಟ್ಟು ಹೆಸರು ಶರ್ವ. ಅಮೋಘವರ್ಷ, ನೃಪತುಂಗ, ಅತಿಶಯಧವಳ ಮುಂತಾದುವೆಲ್ಲ ಮುಂದೆ ಬಂದ ಬಿರುದುಗಳು.

814ರಲ್ಲಿ ಗೋವಿಂದನು ತೀರಿಕೊಂಡಾಗ ಶರ್ವನಿಗೆ ಹೆಚ್ಚೆಂದರೆ ಹದಿನಾಲ್ಕು ವರ್ಷ. ಈ ಪಾಠವನ್ನು ಓದುತ್ತಿರುವ ನಿಮ್ಮಷ್ಟೇ ವಯಸ್ಸು. ನರ್ಮದೆಯಿಂದ ಕಾವೇರಿಯ ಕಡೆಯವರೆಗೆ ಹರಡಿದ್ದ ಸಾಮ್ರಾಜ್ಯದ ಭಾರ ಆ ಹುಡುಗನ ತಲೆಯ ಮೇಲೆ ಬಿತ್ತು. ಲಾಟದೇಶದಲ್ಲಿ, ಎಂದರೆ ಗುಜರಾತದಲ್ಲಿ, ಆಳುತ್ತಿದ್ದ ದಾಯಾದಿ ಕರ್ಕನು ಆತನಿಗೆ ರಕ್ಷಕನಾಗಿ ನಿಂತನು. ಆದರೂ ತಂದೆಯ ಕತ್ತಿಗೆ ಅಂಜಿ ತಲೆಬಾಗಿದ್ದ ಸಾಮಂತರು ಮಗನ ಎಳವೆಯನ್ನು ಕಂಡು ತಲೆಯೆತ್ತಿದರು. ನೆಂಟರಲ್ಲಿಯೂ ಕೆಲವರು ಅವರೊಡನೆ ಕೂಡಿದರು. ಬಾಲಕ ಅರಸನು ಕೆಲಕಾಲ ಸಿಂಹಾಸನವನ್ನೇ ಕಳೆದುಕೊಳ್ಳಬೇಕಾಯಿತು. ಕರ್ಕನು ಬಂಡಾಯವನ್ನು ಅಡಗಿಸಿ, 821ರ ಹೊತ್ತಿಗೆ ಆತನನ್ನು ಮರಳಿ ಪಟ್ಟದಲ್ಲಿ ಕುಳ್ಳಿರಿಸಿದನು.

ಅಲ್ಲಿಂದ ಮುಂದಿನ ಯುದ್ಧಗಳನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಮೂಡಣದಲ್ಲಿ ವೆಂಗಿಯ ಚಾಲುಕ್ಯರು, ತೆಂಕಣದಲ್ಲಿ ತಲಕಾಡಿನ ಗಂಗರು, ಬಡಗಣದಲ್ಲಿ ತನ್ನನ್ನು ಹಿಂದೆ ಕಾಪಾಡಿದ ಲಾಟದ ಶಾಖೆಯವರೇ ಆತನನ್ನು ಬಹುಕಾಲ ಕಾಡಿದರು. ಆದರೆ ಈ ಯುದ್ಧಗಳಿಗೆ ಸಂಬಂಧಿಸಿದ ಒಂದು ಸಂಗತಿ ನಮ್ಮ ವಿಷಯಕ್ಕೆ ಹತ್ತಿರವಾದುದರಿಂದ ಹೇಳಬೇಕು. ವೆಂಗಿಯ ಇಮ್ಮಡಿ ವಿಜಯಾದಿತ್ಯನು ಗಂಗರೊಡನೆಯೂ ರಟ್ಟರೊಡನೆಯೂ ಹನ್ನೆರಡು ವರ್ಷ ಹಗಲಿರುಳೆನ್ನದೆ 108 ಯುದ್ಧಗಳನ್ನು ಮಾಡಿದನೆಂದೂ ಅಷ್ಟೇ ಸಂಖ್ಯೆಯ ಶಿವಾಲಯಗಳನ್ನು ಕಟ್ಟಿಸಿದನೆಂದೂ ಅವನ ವಂಶದ ತಾಮ್ರಪಟಗಳು ಹೇಳುತ್ತವೆ. ರಾಷ್ಟ್ರಕೂಟರ ಶಾಸನಗಳನ್ನು ಓದಿದರೆ ವೆಂಗಿಯವರೇ ಸೋತು ಸುಣ್ಣವಾದಂತೆ ತೋರುತ್ತದೆ. ಒಂದೇ ಯುದ್ಧ, ಎರಡೂ ಕಡೆ ಗೆಲುವು! ಇಂತಹ ಕಡೆ ಓದುಗನು ಮಾತಿನ ಅರ್ಥವನ್ನು ಮಾತ್ರವಲ್ಲದೆ ಅದರ ಧಾಟಿಯನ್ನೂ ಅರಿಯಬೇಕಾಗುತ್ತದೆ. ನೂರೆಂಟು ಎಂಬುದು ನಮ್ಮಲ್ಲಿ ಪವಿತ್ರವೆನಿಸಿದ ಸಂಖ್ಯೆ. ಪ್ರಶಸ್ತಿಯನ್ನು ಬರೆದ ಕವಿಯು ಯುದ್ಧಗಳನ್ನು ಒಂದೊಂದಾಗಿ ಎಣಿಸಿರಲಾರನು. ಅತಿಶಯೋಕ್ತಿಯನ್ನು ಅತಿಶಯೋಕ್ತಿಯೆಂದು ಗುರುತಿಸಲಾರದವನು ಕಾವ್ಯವನ್ನು ಸವಿಯಲಾರನು, ಇತಿಹಾಸವನ್ನೂ ತಿಳಿಯಲಾರನು.

ನೃಪತುಂಗನಿಗೆ ಯುದ್ಧದಲ್ಲಿ ಹೆಚ್ಚಿನ ಒಲವಿದ್ದಂತೆ ಕಾಣುವುದಿಲ್ಲ. ಬನವಾಸಿ ನಾಡನ್ನು ಆಳುತ್ತಿದ್ದ ಬಂಕೇಶನೆಂಬ ವೀರನು ಆತನ ಪರವಾಗಿ ಗಂಗರ ಮೇಲೆ ದಂಡೆತ್ತಿ ಹೋಗಿ ಕೋಟೆಗಳನ್ನು ಹಿಡಿದು ಮುನ್ನಡೆಯುತ್ತಿದ್ದಾಗ, ರಾಜಧಾನಿಯ ಕಡೆ ಬಂಡಾಯವೆದ್ದು, ರಾಜಕುಮಾರನೂ ಬಂಡುಕೋರರ ಗುಂಪಿಗೆ ಸೇರಿದನೆಂಬ ಸುದ್ದಿ ಬಂದಿತು. ಅರಸನ ಕರೆಗೆ ಓಗೊಟ್ಟು ಬಂಕೇಶನು ಧಾವಿಸಿ ಬಂದು ಅದನ್ನು ಅಡಗಿಸಿದನು. ಮುಂದೆ ಅರಸನು ಗಂಗರನ್ನು ಜಯಿಸಲು ಬೇರೊಂದು ದಾರಿ ಹಿಡಿದನು: ತನ್ನ ಮಗಳು ಚಂದ್ರೊಬಲಬ್ಬೆಯನ್ನು ಗಂಗರ ಬೂತುಗನಿಗೆ ಕೊಟ್ಟು ಮದುವೆ ಮಾಡಿದನು. ಹಗೆಗಳು ಬೀಗರಾದರು, ಗಡಿಯಲ್ಲಿ ಶಾಂತಿ ನೆಲೆಸಿತು. ಬಂಕೇಶನ ಸೇವೆಯನ್ನು ಮೆಚ್ಚಿದ ನೃಪತುಂಗನು 860ರಲ್ಲಿ ಆತನು ಕೊಳನೂರಿನಲ್ಲಿ ಕಟ್ಟಿಸಿದ್ದ ಬಸದಿಗೆ ತಲೆಯೂರೆಂಬ ಗ್ರಾಮವನ್ನು ದತ್ತಿಯಾಗಿ ಬಿಟ್ಟನು. ಆ ಕೊಳನೂರು ಈಗಿನ ನರಗುಂದ ತಾಲ್ಲೂಕಿನ ಕೊಣ್ಣೂರು. ಇದೂ ಮಲಪ್ರಭೆಯ ದಡದ ಊರೇ. ದೂರದ ಮಳಖೇಡದ ಅರಸನಿಗೂ ಈ ಹೊಳೆಯ ಸೀಮೆಗೂ ಇದ್ದ ನಂಟಿಗೆ ಅಲ್ಲಿಯ ಶಿಲಾಶಾಸನವು ಸಾಕ್ಷಿಯಾಗಿದೆ.

ಆತನ ಬಾಳಿನ ಒಂದು ಘಟನೆಯನ್ನು 871ರ ಸಂಜಾನ ತಾಮ್ರಪಟವು ಕಾಪಾಡಿಕೊಂಡು ಬಂದಿದೆ. ನಾಡಿಗೆ ಒದಗಿದ ಯಾವುದೋ ಮಹಾ ವಿಪತ್ತು ತೊಲಗಲೆಂದು ನೃಪತುಂಗನು ತನ್ನ ಎಡಗೈಯ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನಂತೆ. ಜೈನಮುನಿಗಳಲ್ಲಿ ಅಪಾರವಾದ ಭಕ್ತಿಯಿದ್ದ ಅರಸನು ಪ್ರಜೆಗಳು ನಂಬಿದ ದೇವಿಗೆ ತನ್ನ ಅಂಗವನ್ನೇ ಒಪ್ಪಿಸಿದನು. ಶಿಬಿ ದಧೀಚಿಯರ ಕಥೆಗಳನ್ನು ಕೇಳಿ ಬೆಳೆದ ಪ್ರಶಸ್ತಿಕಾರನು ಅವರಿಗಿಂತಲೂ ತನ್ನ ದೊರೆ ಮಿಗಿಲೆಂದು ಹಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಇಲ್ಲಿಯೂ ಹೊಗಳಿಕೆಯ ಧಾಟಿಯನ್ನು ಬದಿಗಿಟ್ಟು ನೋಡಬೇಕು; ಆಗಲೂ ಒಂದು ಬೆರಳು ಇಲ್ಲದ ಕೈ ಉಳಿಯುತ್ತದೆ. ಅದು ಅಲಂಕಾರವಲ್ಲ.

ಆತನ ಕೀರ್ತಿಯು ಕಡಲನ್ನು ದಾಟಿತ್ತು. 851ರಲ್ಲಿ ಅರಬ ವರ್ತಕನಾದ ಸುಲೇಮಾನನ ವೃತ್ತಾಂತದಲ್ಲಿ ಲೋಕದ ನಾಲ್ವರು ದೊಡ್ಡ ಅರಸರನ್ನು ಹೆಸರಿಸಲಾಗಿದೆ: ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ರೂಮಿನ ದೊರೆ, ನಾಲ್ಕನೆಯವನು ಬಲ್ಹರ. ವಲ್ಲಭರಾಜ ಎಂಬ ರಾಷ್ಟ್ರಕೂಟರ ಬಿರುದು ಅರಬರ ನಾಲಗೆಯಲ್ಲಿ ಹೀಗೆ ಬಲ್ಹರ ಎಂದಾಯಿತು.

ಮಾನ್ಯಖೇಟದ ಆಸ್ಥಾನವು ವಿದ್ವಾಂಸರ ಬೀಡಾಗಿತ್ತು. ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು ಗ್ರಂಥದ ಆರಂಭದಲ್ಲಿ ಈ ಅರಸನನ್ನು ಸ್ಮರಿಸಿದ್ದಾನೆ. ಶಾಕಟಾಯನನು ತನ್ನ ವ್ಯಾಕರಣದ ವ್ಯಾಖ್ಯಾನಕ್ಕೆ ಅಮೋಘವೃತ್ತಿ ಎಂದು ಅರಸನ ಹೆಸರನ್ನೇ ಇಟ್ಟನು. ಎಲ್ಲರಿಗಿಂತ ಹಿರಿಯನು ಜಿನಸೇನಾಚಾರ್ಯ. ಆತನ ಪಾದಕ್ಕೆರಗಿ ನೃಪತುಂಗನು ತನ್ನನ್ನು ಪಾವನನೆಂದು ಭಾವಿಸಿದನೆಂದು ಜಿನಸೇನನ ಶಿಷ್ಯ ಗುಣಭದ್ರನು ತಿಳಿಸುತ್ತಾನೆ. ಜಿನಸೇನನ ಪಾರ್ಶ್ವಾಭ್ಯುದಯವು ಒಂದು ವಿಚಿತ್ರ ಕಾವ್ಯ. ಕಾಳಿದಾಸನ ಮೇಘದೂತದ ಸಾಲುಗಳನ್ನೆಲ್ಲ ಒಂದೊಂದಾಗಿ, ಎರಡೆರಡಾಗಿ ತೆಗೆದುಕೊಂಡು, ಉಳಿದ ಸಾಲುಗಳನ್ನು ತಾನೇ ಹೆಣೆದು, ಆತನು ಪಾರ್ಶ್ವನಾಥನ ತಪಸ್ಸಿನ ಕಥೆಯನ್ನು ಹೇಳಿದ್ದಾನೆ. ವಿರಹಿ ಯಕ್ಷನ ಮಾತುಗಳು ಅಕ್ಷರವೂ ಬದಲಾಗದೆ ಬೇರೆ ಸಂದರ್ಭದಲ್ಲಿ ನಿಂತು ವೈರಾಗ್ಯದ ಕಥೆಗೆ ಒದಗುತ್ತವೆ. ಪದವು ಬದಲಾಗದೆಯೂ ಧ್ವನಿ ಬದಲಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗವನ್ನು ಕಾಣುವುದು ಕಷ್ಟ. ಇಂತಹ ಕುಶಲಿಗಳು ನೆರೆದಿದ್ದ ಸಭೆಯಲ್ಲಿ ಕಾವ್ಯದ ಗುಣದೋಷಗಳ ಚರ್ಚೆ ಎಷ್ಟು ಸೂಕ್ಷ್ಮವಾಗಿ ನಡೆಯುತ್ತಿದ್ದಿರಬೇಕು!

ಆದರೆ ಇವರೆಲ್ಲ ಬರೆದುದು ಸಂಸ್ಕೃತ ಪ್ರಾಕೃತಗಳಲ್ಲಿ. ಕನ್ನಡದಲ್ಲಿ ಗದ್ಯವನ್ನೂ ಪದ್ಯವನ್ನೂ ಬರೆದವರು ಆಗಲೇ ಇದ್ದರು. ಆದರೂ ಯಾವ ಪದ್ಯ ಚೆನ್ನು, ಅದು ಏಕೆ ಚೆನ್ನು ಎಂದು ಹೇಳಲು ಬೇಕಾದ ಅಳತೆಗೋಲು ಸಂಸ್ಕೃತದ್ದೇ ಆಗಿತ್ತು. ದಂಡಿಯ ಕಾವ್ಯಾದರ್ಶ, ಭಾಮಹನ ಕಾವ್ಯಾಲಂಕಾರಗಳು ಪಂಡಿತರ ಬಾಯಲ್ಲಿದ್ದುವು. ಆ ಅಳತೆಗೋಲಿನಿಂದ ಮಲಪ್ರಭೆಯ ದಂಡೆಯ ಮಾತನ್ನು ಅಳೆಯಬಹುದೇ? ಅಳೆದರೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ? ಕವಿರಾಜಮಾರ್ಗವು ಕೈಗೊಂಡ ಕೆಲಸ ಇದು. ಸಣ್ಣ ಪ್ರಶ್ನೆಯಂತೆ ತೋರಿದರೂ ಒಂದು ಭಾಷೆಯ ಮಾನವೇ ಅದರಲ್ಲಿ ಅಡಗಿತ್ತು. ತನ್ನ ಕಾವ್ಯವನ್ನು ತಾನೇ ವಿಮರ್ಶಿಸಲಾರದ ಭಾಷೆಯು ಸದಾ ಬೇರೆಯವರ ತೀರ್ಪಿಗಾಗಿ ಕಾಯಬೇಕಾಗುತ್ತದೆ.

ಈ ಗ್ರಂಥದಲ್ಲಿ ಮೂರು ಪರಿಚ್ಛೇದಗಳಿವೆ. ಮೊದಲನೆಯದು ದೋಷಗಳನ್ನು ವಿಚಾರಿಸುತ್ತದೆ. ಎರಡನೆಯದು ಶಬ್ದಾಲಂಕಾರಗಳನ್ನು, ಮೂರನೆಯದು ಅರ್ಥಾಲಂಕಾರಗಳನ್ನು. ಅಲಂಕಾರಗಳ ಲಕ್ಷಣಗಳು ಬಹುಮಟ್ಟಿಗೆ ದಂಡಿಯಿಂದ ಬಂದುವು. ಅಷ್ಟರಿಂದಲೇ ಇದನ್ನು ಬರಿಯ ಅನುವಾದವೆಂದು ತಳ್ಳಿಹಾಕಿದವರೂ ಉಂಟು. ಆ ಮಾತು ಸರಿಯಲ್ಲ. ಕನ್ನಡದ ಕಿವಿಗೆ ಸಂಬಂಧಿಸಿದ ಪ್ರಶ್ನೆ ಬಂದೊಡನೆ ಗ್ರಂಥಕಾರನು ದಂಡಿಯ ಕೈಬಿಟ್ಟು ತನ್ನ ಕಾಲ ಮೇಲೆ ನಿಲ್ಲುತ್ತಾನೆ.

ಪ್ರಾಸದ ವಿಷಯವನ್ನೇ ನೋಡಿ. ಪದ್ಯದ ಪ್ರತಿ ಪಾದದ ಎರಡನೆಯ ಅಕ್ಷರವು ಒಂದೇ ವ್ಯಂಜನವಾಗಿರುವುದು ಕನ್ನಡದ ಹಳೆಯ ಪದ್ಧತಿ. ಹೊಳೆಯ ದಂಡೆ, ಬೆಳೆಯ ಹೊಲ, ಮಳೆಯ ಮೋಡ, ಎಳೆಯ ಬಿಸಿಲು ಎಂದು ನಾಲ್ಕು ಮಾತುಗಳನ್ನು ಒಂದರ ಕೆಳಗೊಂದು ಬರೆದು ಓದಿದರೆ ಎರಡನೆಯ ಅಕ್ಷರವು ಹೇಗೆ ತಾಳದಂತೆ ಬಡಿಯುತ್ತದೆಂಬುದು ತಿಳಿಯುತ್ತದೆ. ಸಂಸ್ಕೃತ ಪದ್ಯಕ್ಕೆ ಇದು ಕಡ್ಡಾಯವಲ್ಲ. ಕನ್ನಡ ಪದ್ಯಕ್ಕೆ ಮಾತ್ರ ಇದೊಂದು ವಿಶೇಷವಾದ ಶೋಭೆಯೆಂದು ಕವಿರಾಜಮಾರ್ಗವು ನಿರ್ಣಯಿಸಿ, ಪ್ರಾಸದ ಬಗೆಗಳನ್ನು ವಿವರಿಸುತ್ತದೆ. ಹೊಲದಲ್ಲಿ ಹಾಡುವವರ ಬಾಯಲ್ಲಿ ಇದ್ದುದನ್ನು ಅದು ಶಾಸ್ತ್ರದಲ್ಲಿ ಸೇರಿಸಿತು.

ಸಮಾಸದ ವಿಷಯವೂ ಹಾಗೆಯೇ. ಸಂಸ್ಕೃತ ಪದವನ್ನು ಸಂಸ್ಕೃತ ಪದದೊಡನೆ, ಕನ್ನಡವನ್ನು ಕನ್ನಡದೊಡನೆ ಕೂಡಿಸಬೇಕೇ ಹೊರತು ಮನಬಂದಂತೆ ಬೆರಸಬಾರದೆಂಬುದು ಅದರ ನಿಲುವು. ಮುಖಕಮಲ ಎಂದರೂ ಒಪ್ಪುತ್ತದೆ, ಮೊಗದಾವರೆ ಎಂದರೂ ಒಪ್ಪುತ್ತದೆ. ಮುಖದಾವರೆ ಎಂದೊಡನೆ ಕಿವಿಯು ಹಿಂಜರಿಯುತ್ತದೆ. ರೂಢಿಯಲ್ಲಿ ನಿಂತ ಬಿರುದು ಮೊದಲಾದವುಗಳಿಗೆ ಮಾತ್ರ ವಿನಾಯಿತಿ. ಇಂದು ನಾವು ಈ ನಿಯಮವನ್ನು ಅಷ್ಟು ಬಿಗಿಯಾಗಿ ಪಾಲಿಸುವುದಿಲ್ಲ. ಆದರೆ ನಿಯಮದ ಹಿಂದಿರುವ ವಿವೇಕ ಇಂದಿಗೂ ಸಲ್ಲುತ್ತದೆ: ಪದಗಳಿಗೆ ಅರ್ಥವಿರುವಂತೆ ಮನೆತನವೂ ಉಂಟು, ಅದನ್ನು ಅರಿಯದೆ ಬೆಸುಗೆ ಹಾಕಿದರೆ ಮಾತು ಒಡಕು ಪಾತ್ರೆಯಂತೆ ಸದ್ದು ಮಾಡುತ್ತದೆ.

ಹಳಗನ್ನಡದ ಬಗೆಗೆ ಅದು ಹೇಳುವುದು ಇನ್ನೂ ಸ್ವಾರಸ್ಯವಾದುದು. ನಮಗೆ ಕವಿರಾಜಮಾರ್ಗವೇ ಹಳಗನ್ನಡ. ಆದರೆ ಅದರ ಕಾಲಕ್ಕೂ ಒಂದು ಹಳಗನ್ನಡವಿತ್ತು! ಹಿಂದಿನ ಕಾವ್ಯಗಳಲ್ಲಿ ಆ ಮಾತುಗಳು ಸೊಗಸಾಗಿ ಒಪ್ಪಿದ್ದುವೆಂದೂ, ಬಳಕೆ ತಪ್ಪಿದ ಆ ಪದಗಳನ್ನು ಪಾಂಡಿತ್ಯದ ಆಸೆಯಿಂದ ಈಗಿನ ಕಾವ್ಯದಲ್ಲಿ ತುರುಕಿದರೆ ರುಚಿ ಕೆಡುತ್ತದೆಂದೂ ಗ್ರಂಥಕಾರನು ಎಚ್ಚರಿಸುತ್ತಾನೆ. ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಕನ್ನಡಗಳ ದೋಷಗಳನ್ನೆಲ್ಲ ಎಣಿಸಿ ಮುಗಿಸುವುದು ಸಾವಿರ ನಾಲಗೆಯ ವಾಸುಕಿಗೂ ಆಗದ ಕೆಲಸವೆಂದು ಆತನು ನಗೆಮೊಗದಿಂದ ಒಪ್ಪಿಕೊಳ್ಳುತ್ತಾನೆ. ಕನ್ನಡವು ಒಂದಲ್ಲ, ಹಲವು ಎಂಬ ಅರಿವು ಅಂದೇ ಇತ್ತು. ಹಲವಾಗಿರುವುದರಿಂದಲೇ ಒಂದು ತಿರುಳನ್ನು ಗುರುತಿಸುವ ಅಗತ್ಯವೂ ಉಂಟಾಯಿತು. ಒಕ್ಕುಂದದ ಹೆಸರು ಗ್ರಂಥದೊಳಕ್ಕೆ ಬಂದುದು ಈ ದಾರಿಯಿಂದ.

ಇನ್ನು ಅಲಂಕಾರ. ಮಳೆಗಾಲದಲ್ಲಿ ಮಲಪ್ರಭೆಯು ಕೆಂಪಾಗಿ ಹರಿಯುತ್ತದೆ ಎಂದು ಇದ್ದುದನ್ನು ಇದ್ದಂತೆ ಹೇಳಿದರೆ ಅದು ಸ್ವಭಾವೋಕ್ತಿ. ಹೊಳೆಯು ಕೆಂಪು ಸೀರೆಯುಟ್ಟ ಹೆಣ್ಣಿನಂತೆ ತೋರಿತು ಎಂದರೆ ಉಪಮೆ. ಹೊಳೆಯೆಂಬ ಹೆಣ್ಣು ಕೆಂಪು ಸೀರೆಯುಟ್ಟಳು ಎಂದರೆ ರೂಪಕ. ಮೂರರಲ್ಲಿಯೂ ನೀರು ಒಂದೇ, ಬಣ್ಣ ಒಂದೇ. ಹೇಳಿದವನ ಮನಸ್ಸು ಬೇರೆ. ಯಾವುದು ಮೇಲು ಎಂದು ಕೇಳಿದರೆ ಉತ್ತರವಿಲ್ಲ. ಬೆಳೆ ಕೊಚ್ಚಿಹೋದ ರೈತನ ದುಃಖವನ್ನು ಹೇಳುವಾಗ ಕೆಂಪು ಸೀರೆಯ ರೂಪಕವನ್ನು ತಂದರೆ ಅದು ಅಲಂಕಾರವಾಗುವುದಿಲ್ಲ, ಅಪಚಾರವಾಗುತ್ತದೆ. ಕವಿರಾಜಮಾರ್ಗವು ರಸಕ್ಕೂ ಮಾತಿನ ರೀತಿಗೂ ಸಂಬಂಧವನ್ನು ಕಲ್ಪಿಸಿ, ವೀರಕ್ಕೆ ಒಪ್ಪುವ ನುಡಿ ಬೇರೆ, ಕರುಣಕ್ಕೆ ಒಪ್ಪುವ ನುಡಿ ಬೇರೆ ಎಂದು ತಿಳಿಸಿರುವುದು ಅದಕ್ಕಾಗಿಯೇ. ಕೊನೆಯಲ್ಲಿ ಅದು ಧ್ವನಿಯನ್ನೂ ಒಂದು ಅಲಂಕಾರವೆಂದು ಎಣಿಸುತ್ತದೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ದೂರದ ಕಾಶ್ಮೀರದಲ್ಲಿ ಆನಂದವರ್ಧನನು ಧ್ವನಿಯೇ ಕಾವ್ಯದ ಆತ್ಮವೆಂದು ಧ್ವನ್ಯಾಲೋಕದಲ್ಲಿ ಸಾಧಿಸಿದನು. ಕನ್ನಡ ಗ್ರಂಥವು ಆ ಎತ್ತರಕ್ಕೆ ಏರಲಿಲ್ಲ. ಆದರೂ ಭಾರತದ ಎರಡು ತುದಿಗಳಲ್ಲಿ ಒಂದೇ ಶತಮಾನದಲ್ಲಿ ಆ ಮಾತು ಕೇಳಿಬಂದಿತೆಂಬುದು ನಮ್ಮವರು ಲೋಕದ ವಿಚಾರಗಳಿಗೆ ಕಿವುಡಾಗಿರಲಿಲ್ಲವೆಂಬುದನ್ನು ತೋರಿಸುತ್ತದೆ.

ಇಷ್ಟೆಲ್ಲ ನಿಯಮಗಳನ್ನು ಹೇಳಿದ ಗ್ರಂಥವು ಕಾವ್ಯದ ಅರಿವನ್ನು ಪಂಡಿತರ ಸೊತ್ತಾಗಿ ಮಾಡಲಿಲ್ಲ. ಈ ನಾಡಿನ ಜನರು ಹದವರಿತು ನುಡಿಯಬಲ್ಲರು, ಇತರರ ನುಡಿಯ ಹದವನ್ನೂ ಅರಿಯಬಲ್ಲರು. ಶಾಸ್ತ್ರವನ್ನು ಓದಿ ಕಲಿಯದವರಿಗೂ ಕಾವ್ಯದ ಹದ ಸಹಜವಾಗಿಯೇ ತಿಳಿದಿದೆ ಎಂಬ ನಂಬಿಕೆ ಅದರಲ್ಲಿದೆ. ಹೇಳುವುದೂ ಕೇಳುವುದೂ ಎರಡೂ ಕಲೆಗಳೆಂಬುದನ್ನು ಇಷ್ಟು ಹಿಂದೆಯೇ ಕಂಡುಕೊಂಡದ್ದು ಸಾಮಾನ್ಯವಲ್ಲ. ಇತರರ ವಿಚಾರವನ್ನೂ ಧರ್ಮವನ್ನೂ ಸೈರಿಸಿಕೊಳ್ಳುವ ಶಕ್ತಿಯನ್ನು ಅದು ಬಂಗಾರಕ್ಕೆ ಸಮನೆಂದು ಬಗೆಯುತ್ತದೆ. ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿ, ತಲೆಯನ್ನು ಜಿನಸೇನನ ಪಾದಕ್ಕೆ ಬಾಗಿಸಿದ ಅರಸನ ಆಸ್ಥಾನದಲ್ಲಿ ಈ ವಿಚಾರ ಮೂಡಿದ್ದು ಸಹಜವೇ.

ಈ ಗ್ರಂಥವನ್ನು ಬರೆದವನು ನೃಪತುಂಗನೇ? ಬಹುಕಾಲ ಹಾಗೆಂದೇ ನಂಬಲಾಗಿತ್ತು. ವಿದ್ವಾಂಸರಾದ ಕೆ. ಬಿ. ಪಾಠಕರು 1898ರಲ್ಲಿ ಇದನ್ನು ಮೊದಲ ಬಾರಿಗೆ ಅಚ್ಚು ಹಾಕಿಸಿದಾಗ ಅರಸನನ್ನೇ ಕರ್ತೃವೆಂದು ತಿಳಿದರು. ಆದರೆ ಗ್ರಂಥದ ಪರಿಚ್ಛೇದಗಳ ಕೊನೆಯಲ್ಲಿ ಇದು ನೃಪತುಂಗದೇವಾನುಮತವೆಂದು, ಎಂದರೆ ಆತನ ಒಪ್ಪಿಗೆ ಪಡೆದುದೆಂದು ಹೇಳಿದೆ. ಅರಸನು ತನ್ನ ಗ್ರಂಥಕ್ಕೆ ತಾನೇ ಒಪ್ಪಿಗೆ ಕೊಡುವುದುಂಟೇ? ಶ್ರೀವಿಜಯನೆಂಬ ಕವಿಯ ಹೆಸರೂ ಗ್ರಂಥದೊಳಗೆ ಸೂಚಿತವಾಗಿದೆ. ಹನ್ನೊಂದನೆಯ ಶತಮಾನದ ದುರ್ಗಸಿಂಹನು ಶ್ರೀವಿಜಯರ ಕವಿಮಾರ್ಗವನ್ನು ಕವಿಗಳ ಮನಸ್ಸಿಗೆ ಹಿಡಿದ ಕನ್ನಡಿಯೆಂದು ಮೆಚ್ಚಿದ್ದಾನೆ. ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನು ತನಗೆ ಆದರ್ಶರಾದ ಹಿಂದಿನ ಕವಿಗಳಲ್ಲಿ ಶ್ರೀವಿಜಯನನ್ನೂ ಹೆಸರಿಸಿದ್ದಾನೆ. ಆದುದರಿಂದ ನೃಪತುಂಗನ ಆಸ್ಥಾನದಲ್ಲಿದ್ದ ಶ್ರೀವಿಜಯನು, ಅರಸನ ಅಭಿಪ್ರಾಯಗಳಿಗೆ ಒಪ್ಪುವಂತೆ ಇದನ್ನು ರಚಿಸಿದನೆಂದು ಇಂದಿನ ವಿದ್ವಾಂಸರಲ್ಲಿ ಹೆಚ್ಚಿನವರು ಭಾವಿಸುತ್ತಾರೆ. ಈ ನಿರ್ಣಯಕ್ಕೆ ಬರಲು ವಿದ್ವಾಂಸರಿಗೆ ನೆರವಾದುದು ಹೊಸದಾಗಿ ದೊರೆತ ಯಾವ ನಿಧಿಯೂ ಅಲ್ಲ. ಅನುಮತ ಎಂಬ ಒಂದು ಪದದ ಅರ್ಥವನ್ನು ತಾಳ್ಮೆಯಿಂದ ವಿಚಾರಿಸಿದ್ದು. ಅರಸನ ಕೀರ್ತಿಗೆ ಇದರಿಂದ ಕುಂದು ಬರುವುದಿಲ್ಲ. ತನ್ನನ್ನು ಹೊಗಳುವ ಕಾವ್ಯಕ್ಕೆ ಒಪ್ಪಿಗೆ ಕೊಡುವ ಅರಸರು ಬೇಕಾದಷ್ಟು ಮಂದಿ. ಕಾವ್ಯವನ್ನು ಪರೀಕ್ಷಿಸುವ ಗ್ರಂಥಕ್ಕೆ ಒಪ್ಪಿಗೆ ಕೊಟ್ಟವರು ವಿರಳ.

ಇಳಿವಯಸ್ಸಿನಲ್ಲಿ ನೃಪತುಂಗನ ಮನಸ್ಸು ರಾಜ್ಯದಿಂದ ದೂರವಾಗುತ್ತ ಹೋಯಿತು. ಸಂಸ್ಕೃತದಲ್ಲಿರುವ ಪ್ರಶ್ನೋತ್ತರರತ್ನಮಾಲಿಕೆ ಎಂಬ ಸಣ್ಣ ಕೃತಿಯು ಆತನದೆಂದು ಪ್ರಸಿದ್ಧವಾಗಿದೆ. ವಿವೇಕದಿಂದ ರಾಜ್ಯವನ್ನು ತ್ಯಜಿಸಿದ ಅಮೋಘವರ್ಷನು ಅದನ್ನು ರಚಿಸಿದನೆಂದು ಅದರ ಕೊನೆಯಲ್ಲಿದೆ. ಅದನ್ನು ಬೇರೆಯವರ ಕೃತಿಯೆಂದು ಹೇಳುವವರೂ ಇದ್ದಾರೆ. ಚಿಕ್ಕ ಚಿಕ್ಕ ಪ್ರಶ್ನೆ, ಅದಕ್ಕೆ ತಕ್ಕ ಚಿಕ್ಕ ಉತ್ತರ. ಅಲಂಕಾರದ ಹಂಗಿಲ್ಲದ ನೇರವಾದ ನುಡಿ. ಅಲಂಕಾರಶಾಸ್ತ್ರಕ್ಕೆ ಆಶ್ರಯ ಕೊಟ್ಟವನು ಮುಪ್ಪಿನಲ್ಲಿ ಅಲಂಕಾರವನ್ನು ಕಳಚಿಟ್ಟು ಮಾತನಾಡಿದನೆಂದು ನಂಬಲು ಮನಸ್ಸು ಒಪ್ಪುತ್ತದೆ. ಹುಡುಗನಾಗಿದ್ದಾಗ ಸಿಂಹಾಸನವನ್ನು ಇತರರು ಕಸಿದುಕೊಂಡರು. ಮುದುಕನಾದಾಗ ಆತನೇ ಅದನ್ನು ಬಿಟ್ಟಿಳಿದನು. ಅರುವತ್ತಕ್ಕೂ ಹೆಚ್ಚು ವರ್ಷಗಳ ಆಳಿಕೆಯ ಬಳಿಕ, 878ರ ಸುಮಾರಿಗೆ, ಆತನ ಮಗ ಇಮ್ಮಡಿ ಕೃಷ್ಣನು ಪಟ್ಟಕ್ಕೆ ಬಂದನು.

ಸುಮಾರು ನೂರು ವರ್ಷಗಳ ಅನಂತರ, 973ರಲ್ಲಿ, ರಾಷ್ಟ್ರಕೂಟರ ಪ್ರಭುತ್ವವು ಕುಸಿಯಿತು. ರಾಷ್ಟ್ರಕೂಟರ ಕುಲದವರೆಂದು ಹೇಳಿಕೊಂಡ ರಟ್ಟರು ಸುಗಂಧವರ್ತಿಯಲ್ಲಿ, ಎಂದರೆ ಸವದತ್ತಿಯಲ್ಲಿ, ನೆಲೆನಿಂತು ಬಹುಕಾಲ ಈ ಸೀಮೆಯನ್ನು ಆಳಿದರು. ಮಳಖೇಡದಲ್ಲಿ ಈಗ ಕೋಟೆಯ ಅವಶೇಷಗಳಿವೆ. ಕವಿರಾಜಮಾರ್ಗವು ಗುರುತಿಸಿದ ತಿರುಳ್ಗನ್ನಡದ ಮಾತು ಮಾತ್ರ ಮುಂದೆ ಸಾಗಿತು: 941ರಲ್ಲಿ ಆದಿಕವಿ ಪಂಪನು ತನ್ನ ವಿಕ್ರಮಾರ್ಜುನವಿಜಯವನ್ನು ಪುಲಿಗೆರೆಯ ತಿರುಳ್ಗನ್ನಡದಲ್ಲಿ ರಚಿಸಿದೆನೆಂದು ಹೆಮ್ಮೆಯಿಂದ ಹೇಳಿಕೊಂಡನು.

ಕವಿರಾಜಮಾರ್ಗದಲ್ಲಿ ಹಿಂದಿನ ಕನ್ನಡ ಬರಹಗಾರರ ಹೆಸರುಗಳಿವೆ. ಗದ್ಯದಲ್ಲಿ ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಪದ್ಯದಲ್ಲಿ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ಚತ್ತಾಣ, ಬೆದಂಡೆ ಎಂಬ ಕಾವ್ಯಪ್ರಕಾರಗಳೂ ಅಂದು ಬಳಕೆಯಲ್ಲಿದ್ದುವೆಂದು ಅದರಿಂದ ತಿಳಿಯುತ್ತದೆ. ಆ ಹಿರಿಯರ ಕನ್ನಡ ಕೃತಿಗಳಲ್ಲಿ ಒಂದಾದರೂ ಇಂದು ಇಡಿಯಾಗಿ ದೊರೆತಿಲ್ಲ. ಓಲೆಗರಿಗಳು ಹುಳು ಹಿಡಿದು ಹೋದುವು, ಕಾವ್ಯಗಳು ಅಳಿದುವು. ಅವುಗಳನ್ನು ಓದುವ ಬಗೆಯನ್ನು ಕಲಿಸಿದ ಗ್ರಂಥ ಉಳಿಯಿತು. ಒಕ್ಕುಂದ ಸವದತ್ತಿಗಳ ಜನ ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಯಾವ ಪದ್ಯವನ್ನು ಕೇಳಿ ತಲೆದೂಗುತ್ತಿದ್ದರು, ಯಾವುದನ್ನು ಕೇಳಿ ಮುಖ ಸಿಂಡರಿಸುತ್ತಿದ್ದರು ಎಂಬುದನ್ನು ಊಹಿಸಲು ನಮಗಿರುವ ಮುಖ್ಯ ಆಧಾರ ಅದೇ.